ಪ್ರಾಣವಾಯು ಎಲ್ಲಿಗೆ ಹೋಗುತ್ತದೆ?

ನಾವು ಉಸಿರಿನೊಂದಿಗೆ ಒಳಗೆಳೆದುಕೊಳ್ಳುವ ಆಮ್ಲಜನಕವು ಕೊನೆಗೆ ಏನಾಗುತ್ತದೆ? ಉಸಿರಾಟದ ಪಾಠ ಮಾಡುವಾಗಲೆಲ್ಲ ನಾನು ಈ ಪ್ರಶ್ನೆಯನ್ನು ಕೇಳುತ್ತಿದ್ದೆ. "ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಮಾಸ್ಟ್ರೇ" ಎಂಬುದೇ ಹೆಚ್ಚಿನ ಮಕ್ಕಳ ಉತ್ತರವಾಗಿರುತ್ತಿತ್ತು. ವಾಸ್ತವವಾಗಿ ಅದರ ಬಹುಪಾಲು ನೀರಾಗಿ ಪರಿಣಮಿಸುತ್ತದೆ. ಈ ಕಾರ್ಯವನ್ನು ನಡೆಸುವ ಕಿಣ್ವವೇ ಸೈಟೋಕ್ರೋಮ್ ಆಕ್ಸಿಡೇಸ್. ಉಸಿರಾಟದ ಕಿಣ್ವದ ಸ್ವರೂಪವನ್ನು ತಿಳಿಸಿದ ಜರ್ಮನಿಯ ಆಟೋ ವಾರ್‌ಬರ್ಗ್ ಅವರಿಗೆ 1931ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1995ರಲ್ಲಿ ಜಪಾನ್ ಮತ್ತು ಜರ್ಮನಿಯ ವಿಜ್ಞಾನಿಗಳು ಇದರ ರಚನೆಯನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿ ತೋರಿಸಿದರು.

ಜೀವಕೋಶದೊಳಗಿನ ಮೈಟೋಕಾಂಡ್ರಿಯಕ್ಕೆ ಎರಡು ಪೊರೆಗಳುಂಟು. ಗೋಡೆಗೆ ಕೂರಿಸಿದ ದಾರಂದದಂತೆ ಈ ಕಿಣ್ವವು ಒಳಪೊರೆಯಲ್ಲಿ ಎರಡೂ ಬದಿಗೆ ಚಾಚಿ ನಿಂತಿದೆ. ಹತ್ತಕ್ಕೂ ಮಿಕ್ಕಿದ ಪ್ರೋಟೀನುಗಳು ಸೇರಿ ಅದರ ಒಡಲಾಗಿದೆ. ಒಳಗೆ ಕಬ್ಬಿಣ ಹಾಗೂ ತಾಮ್ರದ ಪರಮಾಣುಗಳಿವೆ. ಆಹಾರದಿಂದ ಬಿಡುಗಡೆಯಾದ ಇಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟಿ ಇಲ್ಲಿಗೆ ತಲುಪುತ್ತವೆ. ಕಬ್ಬಿಣ ಮತ್ತು ತಾಮ್ರದ ನಡುವೆ ಕುಳಿತ ಒಂದು ಆಮ್ಲಜನಕದ ಅಣುವು 4 ಇಲೆಕ್ಟ್ರಾನುಗಳನ್ನೂ 4 ಪ್ರೋಟಾನುಗಳನ್ನೂ ಪಡೆದು 2 ನೀರಿನ ಅಣುಗಳಾಗುತ್ತದೆ. ಜೊತೆಗೆ ಇನ್ನೂ 4 ಪ್ರೋಟಾನುಗಳನ್ನು ಕಿಣ್ವವು ಪೊರೆಯ ಆಚೆಗೆ ತಳ್ಳುತ್ತದೆ. ನಮ್ಮ ತೋಡುಗಳ ಕಟ್ಟದಲ್ಲಿ ನೀರು ನಿಂತಂತೆ ಅವು ಅಲ್ಲಿ ಸಂಗ್ರಹವಾಗುತ್ತವೆ. ಮರಳಿ ಹರಿಯುವಾಗಿನ ಅವುಗಳ ಬಲದಿಂದ ಮತ್ತೊಂದು ಕಿಣ್ವವು ದೇಹದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿಯನ್ನು ತಯಾರಿಸುತ್ತದೆ. ಪೊರೆಯಿಲ್ಲದಿದ್ದರೆ ಈ ಸಂಗ್ರಹವೇ ಅಸಾಧ್ಯ.

ಈ ಕಿಣ್ವದ ಪರಮಶತ್ರು ಸಯನೈಡ್. ಅದು ಕಬ್ಬಿಣಕ್ಕೆ ಅಂಟಿಕೊಂಡು ಆಮ್ಲಜನಕಕ್ಕೆ ಎಡೆಯಿಲ್ಲದಂತೆ ಮಾಡುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಜೀವಕೋಶವು ಉಸಿರುಗಟ್ಟುತ್ತದೆ.

ಇದಕ್ಕೂ ಕಾಸರಗೋಡಿನ ನಮ್ಮ ಅಡುಗೆಮನೆಗಳಿಗೂ ಸಂಬಂಧವಿದೆ. ಮರಗೆಣಸಿನಲ್ಲಿ ಲಿನಮರಿನ್ ಎಂಬ ವಸ್ತುವಿದೆ. ಅದು ಒಡೆದಾಗ ಸಯನೈಡ್ ಹುಟ್ಟುತ್ತದೆ. ಕಹಿ ತಳಿಗಳಲ್ಲಿ ಅದರ ಪ್ರಮಾಣ ಅಧಿಕ. ಗೆಣಸನ್ನು ಸಿಪ್ಪೆ ತೆಗೆದು, ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಬಸಿದು ಚೆಲ್ಲುವ ಹಿರಿಯರ ಕ್ರಮ ಸುಮ್ಮನೆ ಬಂದದ್ದಲ್ಲ. ನೀರಿನೊಂದಿಗೆ ವಿಷದ ಬಹ್ವಂಶವೂ ಹೊರಹೋಗುತ್ತದೆ. ಆಫ್ರಿಕದ ಕಾಂಗೋ, ಮೊಜಾಂಬಿಕ್ ದೇಶಗಳಲ್ಲಿ ಬರಗಾಲದ ದಿನಗಳಲ್ಲಿ ಕಹಿ ಗೆಣಸನ್ನು ಸರಿಯಾಗಿ ಸಂಸ್ಕರಿಸದೆ ಉಂಡವರು 'ಕೊಂಜೊ' ಎಂಬ ರೋಗದಿಂದ ಕಾಲುಗಳ ಸ್ವಾಧೀನವನ್ನೇ ಕಳೆದುಕೊಂಡದ್ದುಂಟು.

ಕಾರಣ ತಿಳಿಯದ ಕ್ರಮವನ್ನು ಮುಂದಿನ ತಲೆಮಾರು ಅನಗತ್ಯವೆಂದು ಬಿಟ್ಟುಬಿಡುವ ಸಂಭವವಿದೆ. ಆದುದರಿಂದ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿಯಿಷ್ಟೆ: ನಿಮ್ಮ ಮಕ್ಕಳು ಯಾವ ಮಾಧ್ಯಮದಲ್ಲೇ ಓದುತ್ತಿರಲಿ, ಮನೆಯಲ್ಲಿ ಕ್ರಮದೊಂದಿಗೆ ಅದರ ಕಾರಣವನ್ನೂ ಕನ್ನಡದಲ್ಲಿಯೇ ತಿಳಿಸಿಕೊಡಿ.