‘ನಿನ್ನೆ’ಯ ತೊಡಕು

“ನಿನ್ನೆ ಅವರನ್ನು ನೋಡಿದ್ದೇನೆ” ಎಂದು ಕನ್ನಡದಲ್ಲಿ ನಿಸ್ಸಂಕೋಚವಾಗಿ ನುಡಿಯುವ ನಾವು, ಅದೇ ಅಭ್ಯಾಸಬಲದಿಂದ ಆಂಗ್ಲಭಾಷೆಯಲ್ಲಿಯೂ “ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ” ಎಂದುಬಿಡುತ್ತೇವೆ. ಆದರೆ ಕಳೆದುಹೋದ ಕಾಲವನ್ನು ಬೆರಳಿಟ್ಟು ತೋರುವ ಪದವೊಂದು ವಾಕ್ಯದೊಳಗೆ ಬಂದೊಡನೆ, ಆ ಭಾಷೆಯು ‘ಹ್ಯಾವ್’ ಎಂಬ ಸಹಾಯಕ ಕ್ರಿಯಾಪದವನ್ನು ಸಹಿಸದೆ, “ಐ ಸಾ ಹಿಮ್ ಯೆಸ್ಟರ್‌ಡೇ” ಎಂಬ ಸರಳ ಭೂತಕಾಲವನ್ನೇ ಅಪೇಕ್ಷಿಸುತ್ತದೆ. ಕಾಲವನ್ನು ಹೆಸರಿಸದೆ, ಕ್ರಿಯೆಯ ಫಲವು ಈಗಲೂ ಉಳಿದಿದೆಯೆಂದು ಸೂಚಿಸಬೇಕಾದಲ್ಲಿ ‘ಹ್ಯಾವ್’ ಸಲ್ಲುವುದು: “ಐ ಹ್ಯಾವ್ ಲಾಸ್ಟ್ ಮೈ ಕೀ” ಎಂದವನ ಬೀಗದಕೈ ಇನ್ನೂ ಸಿಕ್ಕಿಲ್ಲ, ಪಾಪ.

ಈ ಭೇದವನ್ನು ರೂಢಿಸಿಕೊಳ್ಳಲು ಕ್ರಿಯಾಪದ ಕೋಷ್ಟಕಗಳ ಕಂಠಪಾಠದಲ್ಲಿ ನನಗೆ ಅಷ್ಟು ವಿಶ್ವಾಸವಿಲ್ಲ. ದಿನಕ್ಕೆ ಐದು ವಾಕ್ಯಗಳನ್ನು ಮೊದಲು ಕಾಲವಾಚಕವಿಲ್ಲದೆ, ತರುವಾಯ ‘ಯೆಸ್ಟರ್‌ಡೇ’ ಸೇರಿಸಿ, ಗಟ್ಟಿಯಾಗಿ ನುಡಿದು ನೋಡಿರಿ. ಆದರೆ ‘ಟುಡೇ’ ಎಂದಾಗ ಎರಡು ರೂಪಗಳೂ ಸಾಧು. ಇಂದಿನ ದಿನ ಇನ್ನೂ ಮುಗಿದಿಲ್ಲವಷ್ಟೆ.