ಬಿದ್ದವನೊಬ್ಬ, ಬೆಚ್ಚಿದವರು ಹಲವರು

ಆಟದ ನಡುವೆ ಒಬ್ಬ ಹುಡುಗ ಬಿದ್ದು ಪೆಟ್ಟು ಮಾಡಿಕೊಂಡರೆ ಎಲ್ಲರೂ ಅವನತ್ತ ಓಡುತ್ತೇವೆ. ಓಡಲೇಬೇಕು. ಆದರೆ ಪಕ್ಕದಲ್ಲೇ ನಿಂತು ಅದನ್ನೆಲ್ಲ ಕಣ್ಣಾರೆ ಕಂಡ ಜೊತೆಗಾರರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಬಹಳ ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ ನಾನು ಆ ಮಕ್ಕಳ ಬಗ್ಗೆ ನಾಲ್ಕು ಮಾತು ಹೇಳಬೇಕು.

ದೊಡ್ಡವರಿಗೂ ಇದು ಸುಲಭವಲ್ಲ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಯೂರೋ ಕಪ್ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಡೆನ್ಮಾರ್ಕ್ ತಂಡದ ಕ್ರಿಸ್ಟಿಯನ್ ಎರಿಕ್ಸನ್ ಹೃದಯ ನಿಂತು ಕುಸಿದು ಬಿದ್ದರು. ವೈದ್ಯರು ಜೀವ ಉಳಿಸುತ್ತಿದ್ದಾಗ ಜೊತೆಗಾರರು ಸುತ್ತಲೂ ಗೋಡೆಯಂತೆ ನಿಂತು ಮರೆಮಾಡಿದರು. ಹಲವರ ಕಣ್ಣಲ್ಲಿ ನೀರು. ಅದೇ ರಾತ್ರಿ ಆಟ ಮುಂದುವರಿಯಿತು. ಡೆನ್ಮಾರ್ಕ್ 0-1ರಿಂದ ಸೋತಿತು. ಆಡಲು ಇಳಿಯಬಾರದಿತ್ತು ಎಂದು ಕೋಚ್ ಮರುದಿನ ಹೇಳಿದರು. ಆಸ್ಪತ್ರೆಯಿಂದ ಎರಿಕ್ಸನ್ ವಿಡಿಯೊ ಕರೆಯಲ್ಲಿ ಮಾತಾಡಿದ ಮೇಲೆ ತಂಡಕ್ಕೆ ಸಮಾಧಾನವಾಯಿತು. ಮುಂದೆ ಅದೇ ತಂಡ ಸೆಮಿಫೈನಲ್ ತಲುಪಿತು.

ದೇಶಕ್ಕೆ ಆಡುವವರೇ ಹಾಗೆ ನಲುಗಿದರೆ, ಹದಿನಾಲ್ಕರ ಮಕ್ಕಳ ಪಾಡೇನು?

ಒಮ್ಮೆ ನಮ್ಮ ಶಾಲೆಯ ಕಬಡ್ಡಿ ಅಭ್ಯಾಸದಲ್ಲಿ ರೇಡಿಗೆ ಬಂದವನ ಕಾಲು ಮುರಿಯಿತು. ಅವನ ಕಾಲು ಹಿಡಿದಿದ್ದ ಹುಡುಗ ಮರುದಿನದಿಂದ ಮೈದಾನಕ್ಕೆ ಬರಲಿಲ್ಲ. ಕೇಳಿದರೆ ಹೊಟ್ಟೆನೋವು ಅಂದ. ರಾತ್ರಿ ನಿದ್ದೆಯಿಲ್ಲ, ಊಟ ಸೇರದು. ಅವನ ಅಜ್ಜಿ ಗದರಲಿಲ್ಲ, ಬುದ್ಧಿಯೂ ಹೇಳಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಅವರೆಕಾಯಿ ಸುಲಿಯತೊಡಗಿದರು. ಸ್ವಲ್ಪ ಹೊತ್ತಿಗೆ ಅವನೇ ಬಾಯಿಬಿಟ್ಟ: "ಅಜ್ಜೀ, ಅವನ ಕಾಲು ಹಿಡಿದಿದ್ದು ನಾನೇ." ಅಜ್ಜಿ ಅಂದದ್ದು ಇಷ್ಟೇ: "ಹೂಂ ಮಗಾ, ಆಮೇಲೆ?" ಎಲ್ಲ ಹೇಳಿ ಅತ್ತು ಹಗುರಾದ ಮೇಲೆ, ಅವನನ್ನು ಗೆಳೆಯನ ಮನೆಗೆ ಕರೆದುಕೊಂಡು ಹೋದರು. ಪ್ಲಾಸ್ಟರ್ ಹಾಕಿದ ಕಾಲು ತೋರಿಸಿ ಅವನು, "ನನ್ನ ಜಾಗ ಹಾಗೇ ಇಟ್ಟಿರೋ, ಬರ್ತೀನಿ" ಅಂದನಂತೆ. ಮುಂದಿನ ವಾರ ನಮ್ಮ ಹುಡುಗ ಮೈದಾನದಲ್ಲಿದ್ದ.

ಅಜ್ಜ-ಅಜ್ಜಿಯರೇ, "ಗಂಡುಮಗ ಅಳಬಾರದು", "ಅದನ್ನೆಲ್ಲ ಮರೆತುಬಿಡು" ಅನ್ನಬೇಡಿ. ಮರೆಯಲು ಆಗದ್ದಕ್ಕೇ ಮಗು ಒದ್ದಾಡುತ್ತಿರುವುದು. ಕಣ್ಣೆದುರು ಆ ದೃಶ್ಯ ಮತ್ತೆಮತ್ತೆ ಬರುವುದು, ಸಣ್ಣದಕ್ಕೂ ಸಿಡುಕುವುದು, ತನ್ನಿಂದಲೇ ಹೀಗಾಯಿತು ಅನ್ನಿಸುವುದು ಇವೆಲ್ಲ ಸಹಜ. ಆಟದಲ್ಲಿ ಪೆಟ್ಟಾಗುವುದುಂಟು, ಅದು ಯಾರ ಪಾಪವೂ ಅಲ್ಲ ಎಂದು ನಿಧಾನವಾಗಿ ತಿಳಿಸಿ. ಊಟ, ನಿದ್ದೆ, ಶಾಲೆ ಎಂದಿನಂತೆ ನಡೆಯಲಿ. ಮೈದಾನಕ್ಕೆ ಮೊದಲ ದಿನ ನೋಡಲು ಹೋಗಲಿ, ಆಮೇಲೆ ಓಡಲಿ, ಕೊನೆಗೆ ಆಡಲಿ. ಯಾವಾಗ ಅನ್ನುವುದನ್ನು ಮಗುವೇ ಹೇಳಲಿ. ಬಿದ್ದ ವಿಡಿಯೊವನ್ನು ಮೊಬೈಲಿನಲ್ಲಿ ಮತ್ತೆಮತ್ತೆ ನೋಡಲು ಬಿಡಬೇಡಿ.

ಮಕ್ಕಳೇ, ನಿಮ್ಮ ಗೆಳೆಯ ಆಟದ ನಂತರ ಮಂಕಾಗಿದ್ದರೆ ಗೇಲಿ ಮಾಡಬೇಡಿ. ಪಕ್ಕದಲ್ಲಿ ಕೂತರೂ ಸಾಕು. ನಿಮಗೇ ಹಾಗಾಗಿದ್ದರೆ ನಂಬುವ ಒಬ್ಬ ದೊಡ್ಡವರಿಗೆ ಹೇಳಿ.

ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮನಸ್ಸು ತಿಳಿಯಾಗುತ್ತದೆ. ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ, ಭಯ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸಲು ನಾವು ನಾಚುವುದಿಲ್ಲ. ಬೆಚ್ಚಿದ ಮನಸ್ಸಿಗೆ ಮದ್ದು ಕೇಳಲೂ ನಾಚಬೇಕಿಲ್ಲ.