ಕೌದಿಯೊಳಗಿನ ಸೂಜಿಹುಳು

ಹಗಲೆಲ್ಲ ಆಡಿಕೊಂಡಿದ್ದ ನಿಮ್ಮ ಮಗು ರಾತ್ರಿ ಮಲಗಿದ ಮೇಲೆ ಎದ್ದು ಅಳುತ್ತದೆಯೆ? ನಿದ್ದೆಗಣ್ಣಿನಲ್ಲೇ ಗುದದ್ವಾರ ಕೆರೆದುಕೊಳ್ಳುತ್ತದೆಯೆ? ದೃಷ್ಟಿ ತೆಗೆಯುವುದು ಆಮೇಲಾಗಲಿ. ಮಗುವಿಗೆ ನಿದ್ದೆ ಹತ್ತಿ ಎರಡು ಮೂರು ತಾಸಾದ ಮೇಲೆ ಬ್ಯಾಟರಿ ಹಿಡಿದು ಆ ಜಾಗವನ್ನು ಮೆಲ್ಲಗೆ ಬಿಡಿಸಿ ನೋಡಿ. ಬಿಳಿ ದಾರದ ತುಂಡಿನಂಥದ್ದು ಮಿಸುಕಾಡುತ್ತಿದ್ದರೆ ಅದೇ ಪಿನ್‌ವರ್ಮ್, ಅಂದರೆ ಸೂಜಿಹುಳು.

ಹೆಣ್ಣುಹುಳು 8ರಿಂದ 13 ಮಿಲಿಮೀಟರ್ ಉದ್ದ. ಎರಡು ಮೂರು ಜೋಳದ ಕಾಳನ್ನು ಸಾಲಾಗಿ ಇಟ್ಟಷ್ಟು. ಬಾಲ ಸೂಜಿಯಂತೆ ಚೂಪು. ಗಂಡುಹುಳು ಅದಕ್ಕಿಂತ ತೀರ ಚಿಕ್ಕದು, ಕಣ್ಣಿಗೆ ಬೀಳುವುದೇ ಅಪರೂಪ.

‘ಜಂತು’ ಎಂಬ ಒಂದೇ ಹೆಸರಿನಲ್ಲಿ ನಾವು ಹಲವು ಹುಳುಗಳನ್ನು ಕರೆಯುತ್ತೇವೆ. ಎರೆಹುಳುವಿನಂತೆ ಗೇಣುದ್ದ ಬೆಳೆಯುವ ದುಂಡುಹುಳುವೇ ಬೇರೆ, ಬರಿಗಾಲಲ್ಲಿ ಹಸಿ ಮಣ್ಣು ತುಳಿದಾಗ ಚರ್ಮ ಕೊರೆದು ಒಳಸೇರಿ ರಕ್ತ ಹೀರುವ ಕೊಕ್ಕೆಹುಳುವೇ ಬೇರೆ. ಅವೆರಡಕ್ಕೂ ನಡುವೆ ಮಣ್ಣು ಬೇಕು. ಸೂಜಿಹುಳುವಿಗೆ ಮಣ್ಣು ಬೇಡ, ಮನುಷ್ಯರಿದ್ದರೆ ಸಾಕು. ಆದ್ದರಿಂದ ಮನೆಯಲ್ಲಿ ಶೌಚಾಲಯ ಇದೆ, ನಮಗೆ ಬರುವುದಿಲ್ಲ ಎನ್ನುವಂತಿಲ್ಲ. ಲಿಂಗಸುಗೂರಿನ ಬಡಾವಣೆಯ ಮನೆ, ಮಸ್ಕಿ ಕಡೆಯ ತಾಂಡಾ, ಸಿಂಧನೂರಿನ ರೈತರ ಮನೆ ಎಂಬ ಭೇದ ಅದಕ್ಕಿಲ್ಲ. ನಾಯಿ, ಬೆಕ್ಕಿನಿಂದಲೂ ಇದು ಬರುವುದಿಲ್ಲ. ಬೆಲ್ಲ ತಿಂದರೆ ಜಂತಾಗುತ್ತದೆ ಎನ್ನುವ ಮಾತಿನಲ್ಲೂ ಹುರುಳಿಲ್ಲ. ದೋಷ ಬೆಲ್ಲದ್ದಲ್ಲ, ಬೆಲ್ಲ ಹಿಡಿದ ಕೈಯದು.

ಹೇಗೆಂದರೆ, ಕರುಳಿನಲ್ಲಿರುವ ಹೆಣ್ಣುಹುಳು ರಾತ್ರಿ ಹೊತ್ತು ಹೊರಬಂದು ಗುದದ್ವಾರದ ಸುತ್ತ ಹತ್ತು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಮೊಟ್ಟೆಗಳ ಅಂಟಿನಿಂದ ವಿಪರೀತ ತುರಿಕೆ. ಮಗು ಕೆರೆಯುತ್ತದೆ, ಮೊಟ್ಟೆಗಳು ಉಗುರಿನೊಳಗೆ ಸೇರುತ್ತವೆ. ನಾಲ್ಕರಿಂದ ಆರು ತಾಸಿನೊಳಗೆ ಅವು ಸೋಂಕು ಹರಡಲು ಸಿದ್ಧ. ಬೆಳಿಗ್ಗೆ ಕೈ ತೊಳೆಯದೆ ರೊಟ್ಟಿ ಮುರಿದರೆ ಮತ್ತೆ ಹೊಟ್ಟೆಗೆ. ಒಂದೆರಡು ತಿಂಗಳಲ್ಲಿ ಹೊಸ ಹುಳುಗಳು ಬೆಳೆದು ಮೊಟ್ಟೆ ಇಡತೊಡಗುತ್ತವೆ.

ಇನ್ನು ನಮ್ಮ ಕೌದಿ. ಅಜ್ಜಿಯ ಹಳೆಯ ಸೀರೆ ಹೊಲಿದು ಮಾಡಿದ ಕೌದಿಯ ಬೆಚ್ಚಗೆ ಯಾವ ಅಂಗಡಿಯ ಹೊದಿಕೆಗೂ ಬರದು, ನಿಜ. ಆದರೆ ಒಂದೇ ಕೌದಿಯೊಳಗೆ ಮೂರು ಮಕ್ಕಳು, ಜೊತೆಗೆ ಅಜ್ಜಿ! ಒಬ್ಬರ ಮೈಯಿಂದ ಉದುರಿದ ಮೊಟ್ಟೆ ಎಲ್ಲರಿಗೂ ಹಂಚಿಕೆ. ಬಟ್ಟೆಯಲ್ಲಿ ಈ ಮೊಟ್ಟೆಗಳು ಎರಡು ಮೂರು ವಾರ ಜೀವ ಹಿಡಿದಿರಬಲ್ಲವು. ಮುಂಜಾನೆ ಪಡಸಾಲೆಯಲ್ಲೇ ಕೌದಿ ಝಾಡಿಸಿದರೆ ಗಾಳಿಗೆ ಹಾರಿ ಮೂಗು, ಬಾಯಿ ಸೇರಲೂಬಹುದು. ಝಾಡಿಸದೆ ಮಡಚಿ ಮಾಳಿಗೆಗೆ ಒಯ್ದು ಹರವಿ. ಬಿಸಿಲು ಈ ಮೊಟ್ಟೆಗಳ ವೈರಿ, ಬಿಸಿಲಿಗೆ ರಾಯಚೂರು ಜಿಲ್ಲೆಯಲ್ಲಿ ಬರವೇ? ಚಡ್ಡಿ, ದಿಂಬಿನ ಚೀಲಗಳನ್ನು ಬಿಸಿನೀರಿನಲ್ಲಿ ಒಗೆಯಿರಿ.

ಇದು ಪ್ರಾಣಕ್ಕೆ ಕುತ್ತು ತರುವ ರೋಗವಲ್ಲ. ಆದರೆ ನಿದ್ದೆಗೆಟ್ಟ ಮಗು ಶಾಲೆಯಲ್ಲಿ ತೂಕಡಿಸುತ್ತದೆ, ಸಿಡುಕುತ್ತದೆ. ಕೆರೆದ ಜಾಗ ಹುಣ್ಣಾಗುತ್ತದೆ. ಹೆಣ್ಣುಮಕ್ಕಳಲ್ಲಿ ಹುಳು ಜನನಾಂಗದತ್ತ ಸರಿದು ಉರಿ, ಬಿಳಿಸೆರಗು ಉಂಟಾಗಬಹುದು. ನಾಚಿಕೆಯಿಂದ ಹೇಳದ ಹುಡುಗಿಯನ್ನು ಗದರಿಸಬೇಡಿ, ಕೇಳಿ ತಿಳಿಯಿರಿ.

‘ಮಲ ಪರೀಕ್ಷೆ ಮಾಡಿಸಿದೆವು, ಏನೂ ಇಲ್ಲ ಎಂದರು’ ಎನ್ನುವ ತಾಯಂದಿರಿದ್ದಾರೆ. ಸೂಜಿಹುಳು ಮೊಟ್ಟೆ ಇಡುವುದು ಚರ್ಮದ ಮೇಲೆ, ಆದ್ದರಿಂದ ಮಲದಲ್ಲಿ ಅದು ಸಿಗುವುದು ಕಡಿಮೆ. ಬೆಳಿಗ್ಗೆ ಸ್ನಾನ, ಶೌಚಕ್ಕೆ ಮೊದಲೇ ಅಂಟುಟೇಪನ್ನು ಆ ಜಾಗಕ್ಕೆ ಒತ್ತಿ ತೆಗೆದು, ಗಾಜಿನ ಪಟ್ಟಿಗೆ ಅಂಟಿಸಿ ಪ್ರಯೋಗಾಲಯಕ್ಕೆ ಕೊಡಬೇಕು. ಒಂದು ದಿನ ಸಿಗದಿದ್ದರೆ ಸತತ ಮೂರು ಬೆಳಿಗ್ಗೆ ನೋಡಬೇಕು.

2015ರಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಆರಂಭವಾಯಿತು. ಆ ಕಾರ್ಯಕ್ರಮದಲ್ಲಿ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಗುಳಿಗೆ ಕೊಡುತ್ತಾರೆ. ತಪ್ಪದೆ ಕೊಡಿಸಿ. ಆದರೆ ಅದರ ಮುಖ್ಯ ಗುರಿ ಮಣ್ಣಿನಿಂದ ಹರಡುವ ಹುಳುಗಳು. ಸೂಜಿಹುಳುವಿಗೆ ಆ ಒಂದು ಗುಳಿಗೆ ಸಾಲದು. ಗುಳಿಗೆ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಅದಕ್ಕೇ ಎರಡು ವಾರ ಬಿಟ್ಟು ಇನ್ನೊಮ್ಮೆ ನುಂಗಬೇಕು. ಅದೂ ಮಗುವೊಂದೇ ಅಲ್ಲ, ಮನೆಮಂದಿಯೆಲ್ಲ ಒಂದೇ ದಿನ. ‘ನನಗೇನಾಗಿದೆ?’ ಎಂದು ಅಜ್ಜಿ ಗುಳಿಗೆ ಸರಿಸಿಬಿಡುತ್ತಾರೆ. ತುರಿಕೆಯಿಲ್ಲದೆಯೂ ಹುಳು ಇರಬಹುದು, ಅಜ್ಜಿಯ ಮಗ್ಗುಲಲ್ಲೇ ಮೊಮ್ಮಗ ಮಲಗುತ್ತಾನೆ. ವಯಸ್ಸಿಗೆ ತಕ್ಕ ಪ್ರಮಾಣವನ್ನು ಡಾಕ್ಟರಿಂದ ಕೇಳಿಕೊಳ್ಳಿ. ಬಸುರಿಯರೂ ವರ್ಷ ತುಂಬದ ಕೂಸುಗಳೂ ಅವರನ್ನು ಕೇಳದೆ ತೆಗೆದುಕೊಳ್ಳಕೂಡದು.

ಈ ಎರಡು ವಾರ ಮಗುವಿಗೆ ಬೆಳಿಗ್ಗೆ ಎದ್ದೊಡನೆ ಸ್ನಾನ, ಒಗೆದ ಚಡ್ಡಿ. ಊಟಕ್ಕೆ ಮೊದಲು, ಶೌಚದ ನಂತರ ಸಾಬೂನಿನಿಂದ ಕೈ ತೊಳೆಸಿ. ಮಂಗಳವಾರ, ಶುಕ್ರವಾರ ಉಗುರು ತೆಗೆಯಬಾರದು ಎನ್ನುವ ಮನೆಯಾದರೆ ಉಳಿದ ಐದು ದಿನಗಳಿವೆಯಲ್ಲ! ಮೊದಲ ಗುಳಿಗೆ ನುಂಗಿದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಎರಡನೆಯದರ ದಿನಕ್ಕೆ ಗುರುತು ಹಾಕಿಡಿ. ತುರಿಕೆ ನಿಂತ ಮೇಲೆ ಅದನ್ನು ಮರೆಯುವವರೇ ಹೆಚ್ಚು.